ಆರು ನಿಮಿಷದ ಸಿನಿಮಾ, ಒಂದು ಪೀರಿಯಡ್‌ನ ಪಾಠ

ಧೈರ್ಯ, ತಾಳ್ಮೆ, ಕರುಣೆ ಎಂದು ಬಾಯಲ್ಲಿ ಹೇಳಿದರೆ ಮಕ್ಕಳು ತಲೆಯಾಡಿಸಿ ಸುಮ್ಮನಾಗುತ್ತಾರೆ. ಅದೇ ಗುಣ ಕಣ್ಣೆದುರು ಕಂಡರೆ ತಾವೇ ಮಾತಿಗಿಳಿಯುತ್ತಾರೆ. ಇದಕ್ಕೆ ಅನಿಮೇಷನ್, ಅಂದರೆ ಚಿತ್ರಗಳಿಗೆ ಚಲನೆ ಕೊಟ್ಟು ಮಾಡಿದ ಸಿನಿಮಾ, ಒಳ್ಳೆಯ ಸಾಧನ. ಎರಡು ಗಂಟೆಯ ಸಿನಿಮಾ ಬೇಕಿಲ್ಲ. ಕಿರುಚಿತ್ರ ಸಾಕು.

ಪಿಕ್ಸಾರ್ ಸಂಸ್ಥೆಯ ‘ಪೈಪರ್’ (2016) ನೋಡಿ. ಸುಮಾರು 6 ನಿಮಿಷದ್ದು, ಆಸ್ಕರ್ ಪಡೆದದ್ದು. ಕಡಲತೀರದ ಹಕ್ಕಿಮರಿಯೊಂದು ಮೊದಲ ಸಲ ಆಹಾರ ಹುಡುಕಲು ಇಳಿಯುತ್ತದೆ. ಅಲೆ ಬಂದು ತೋಯಿಸಿಬಿಡುತ್ತದೆ. ಮರಿ ಹೆದರಿ ಗೂಡು ಸೇರುತ್ತದೆ. ಆಮೇಲೆ, ಅಲೆ ಬರುವಾಗ ಪುಟ್ಟ ಏಡಿಯೊಂದು ಮರಳಲ್ಲಿ ಹುದುಗಿಕೊಳ್ಳುವುದನ್ನು ನೋಡಿ ತಾನೂ ಹಾಗೇ ಮಾಡುತ್ತದೆ. ನೀರೊಳಗೆ ಕಣ್ಣು ಬಿಟ್ಟರೆ ಸುತ್ತಲೂ ಚಿಪ್ಪುಗಳು! ಚಿತ್ರದಲ್ಲಿ ಒಂದೂ ಮಾತಿಲ್ಲ. ಹಾಗಾಗಿ ಯಾವ ಮಾಧ್ಯಮದ ಮಕ್ಕಳಿಗೂ ತೊಡಕಿಲ್ಲ.

40 ನಿಮಿಷದ ಪೀರಿಯಡ್ ಹೀಗೆ ನಡೆಸಬಹುದು. ಮೊದಲ ಸಲ ಚಿತ್ರವನ್ನು ಪೂರ್ತಿ ತೋರಿಸಿ, ನಡುವೆ ಏನೂ ಹೇಳಬೇಡಿ. ಎರಡನೇ ಸಲ, ಮರಿ ಗೂಡಿನಲ್ಲಿರುವಾಗ ನಿಲ್ಲಿಸಿ. “ಈಗ ಮರಿಗೆ ಹೇಗನ್ನಿಸ್ತಿದೆ? ಏನು ನೋಡಿ ಹಾಗೆ ಹೇಳ್ತೀಯ?” ಎಂದು ಕೇಳಿ. ಎರಡನೇ ಪ್ರಶ್ನೆಯೇ ಮುಖ್ಯ. ಮಗು ಮರಿಯ ಕಣ್ಣು, ಒದ್ದೆ ಪುಕ್ಕ ಎಲ್ಲವನ್ನೂ ಗಮನಿಸಿ ಉತ್ತರ ಹುಡುಕುತ್ತದೆ. ನೀರೊಳಗಿನ ದೃಶ್ಯದಲ್ಲಿ ಮತ್ತೆ ನಿಲ್ಲಿಸಿ. “ಹೆದರಿಕೆ ಹೋದ ಮೇಲೆ ಮರಿ ಇಲ್ಲಿಗೆ ಬಂತಾ, ಹೆದರಿಕೊಂಡೇ ಬಂತಾ?” ‘ಧೈರ್ಯ’ ಎಂದು ನೀವೇ ಬೋರ್ಡ್ ಮೇಲೆ ಬರೆಯಬೇಡಿ. ಆ ಮಾತು ಮಕ್ಕಳ ಬಾಯಿಂದ ಬರಲಿ. ಕೊನೆಯ ಹತ್ತು ನಿಮಿಷ, ತಾವು ಹೆದರಿದ ಒಂದು ದಿನದ ಬಗ್ಗೆ ನಾಲ್ಕು ಸಾಲು ಬರೆಯಲಿ. ಗಟ್ಟಿಯಾಗಿ ಓದಲೇಬೇಕೆಂದು ಒತ್ತಾಯ ಬೇಡ.

ಖರ್ಚೆಷ್ಟು? ಶಾಲೆಯಲ್ಲಿ ಸ್ಮಾರ್ಟ್ ಟಿವಿ ಅಥವಾ ಪ್ರೊಜೆಕ್ಟರ್ ಇದ್ದರೆ ಹೊಸ ಖರ್ಚಿಲ್ಲ. ಇಲ್ಲದಿದ್ದರೆ ಒಂದು ಲ್ಯಾಪ್‌ಟಾಪ್ ಸಾಕು, ಎಂಟ್ಹತ್ತು ಮಕ್ಕಳ ಗುಂಪು ಮಾಡಿ ತೋರಿಸಿ. ‘ಪೈಪರ್’ ಪೂರ್ತಿ ನೋಡಲು ಚಂದಾ ಬೇಕಾಗುತ್ತದೆ. ಯೂಟ್ಯೂಬ್‌ನಲ್ಲಿ ಉಚಿತವಾಗಿ ಸಿಗುವ ಚಿತ್ರಗಳೂ ಇವೆ. ಒಂದು ಕಾಲಿಲ್ಲದ ನಾಯಿಮರಿ ಮತ್ತು ಒಬ್ಬ ಹುಡುಗನ ‘ದಿ ಪ್ರೆಸೆಂಟ್’ (2014) ಕರುಣೆಗೆ. ವಿಜಯಾ ಮುಳೆಯವರ ಹಿಂದಿ ಚಿತ್ರ ‘ಏಕ್ ಅನೇಕ್ ಔರ್ ಏಕತಾ’ (1974) ಒಗ್ಗಟ್ಟಿಗೆ. ತರಗತಿಯಲ್ಲಿ ಅಂಗವಿಕಲ ಮಗುವಿದ್ದರೆ, ‘ದಿ ಪ್ರೆಸೆಂಟ್’ ತೋರಿಸುವ ಮೊದಲು ಆ ಮಗುವಿನ ಜೊತೆ ಮಾತಾಡಿ.

ಕಾನೂನಿನ ಸಂದೇಹವೇ? ಶಾಲೆಯ ಚಟುವಟಿಕೆಯ ಭಾಗವಾಗಿ ಮಕ್ಕಳು, ಶಿಕ್ಷಕರು, ಪೋಷಕರಿಗಷ್ಟೇ ಸಿನಿಮಾ ತೋರಿಸಲು 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ ಅವಕಾಶ ಕೊಡುತ್ತದೆ. ಚಂದಾ ಆ್ಯಪ್‌ಗಳಿಗೆ ಅವರದೇ ಷರತ್ತುಗಳಿರುತ್ತವೆ, ಓದಿಕೊಳ್ಳಿ.

ಪಾಠ ಅಂದಿಗೇ ಮುಗಿಯುವುದಿಲ್ಲ. ಮುಂದಿನ ವಾರ ಯಾರಾದರೂ ಬೋರ್ಡ್ ಹತ್ತಿರ ಬರಲು ಹೆದರಿದರೆ, “ಏಡಿ ಏನು ಮಾಡಿತ್ತು?” ಎಂದು ಕೇಳಿ ನೋಡಿ. ಉತ್ತರ ಇಡೀ ತರಗತಿಗೆ ಗೊತ್ತಿರುತ್ತದೆ.