ನಮ್ಮ ಬಣ್ಣಕ್ಕೆ ಸನ್‌ಸ್ಕ್ರೀನ್ ಬೇಡವಂತೆ!

ಕಳೆದೊಂದು ವರ್ಷದಲ್ಲಿ ನಾನು ಹೊಸದಾಗಿ ಹಚ್ಚಿ ನೋಡಿದ ಕ್ರೀಮುಗಳಲ್ಲಿ ಇನ್ನು ಬಿಡಲಾರೆ ಎನಿಸಿರುವುದು ಟಿಂಟೆಡ್ ಸನ್‌ಸ್ಕ್ರೀನ್. ಅಂದರೆ ಬೆಳ್ಳಗಿರದೆ, ಮಣ್ಣಿನ ಛಾಯೆ ಬೆರೆತಿರುವ ಸನ್‌ಸ್ಕ್ರೀನ್. ಇದನ್ನು ಯಾರಿಗೆ ಹೇಳಿದರೂ ಸಿದ್ಧ ಉತ್ತರವೊಂದು ಬರುತ್ತದೆ: “ಅಯ್ಯೋ, ಅದೆಲ್ಲ ಬೆಳ್ಳಗಿರೋರಿಗೆ ಕಣೇ. ಬಿಸಿಲಲ್ಲೇ ಹುಟ್ಟಿ ಬೆಳೆದ ನಮಗ್ಯಾಕೆ?” ಓದಿದವರೂ ಹೀಗೇ ಹೇಳುತ್ತಾರೆ. ಕೇಳಿ ಕೇಳಿ ನನಗೆ ರೋಸಿಹೋಗಿದೆ. ಯಾಕೆಂದರೆ ಇದನ್ನು ನಂಬಿ ಕೂತವರೇ ನಾಳೆ ಕೆನ್ನೆಯ ಮೇಲೆ ಬಂಗು ಎದ್ದಾಗ ಸಿಕ್ಕಸಿಕ್ಕ ಕ್ರೀಮಿನ ಬೆನ್ನು ಹತ್ತುತ್ತಾರೆ.

ಈ ನಂಬಿಕೆಯಲ್ಲಿ ಅರ್ಧ ನಿಜ ಇದೆ. ಬಣ್ಣ ಕೊಡುವ ಮೆಲನಿನ್ ಹೆಚ್ಚಿರುವ ಚರ್ಮ ಬಿಸಿಲಿಗೆ ಬೇಗ ಸುಡುವುದಿಲ್ಲ. ಚರ್ಮದ ಕ್ಯಾನ್ಸರ್ ಕೂಡ ಬಿಳಿಯರಿಗೆ ಹೋಲಿಸಿದರೆ ನಮ್ಮಲ್ಲಿ ತೀರಾ ಕಡಿಮೆ. ಹಾಗಾಗಿ ಕ್ಯಾನ್ಸರ್ ಹೆಸರಿನಲ್ಲಿ ಹೆದರಿಸಿ ಸನ್‌ಸ್ಕ್ರೀನ್ ಮಾರುವವರನ್ನು ನಾನು ಒಪ್ಪುವುದಿಲ್ಲ. ಆದರೆ ಮೆಲನಿನ್ನಿನ ಈ ರಕ್ಷಣೆಗೂ ಮಿತಿ ಇದೆ. ಆಫ್ರಿಕನ್ ಮೂಲದವರ ಗಾಢ ಚರ್ಮವನ್ನು 1979ರಲ್ಲಿ ಅಳೆದಾಗ ಸಿಕ್ಕಿದ್ದು ಎಸ್‌ಪಿಎಫ್ 13ರ ಆಸುಪಾಸು. ನಮ್ಮಲ್ಲಿ ಬಹುಪಾಲು ಜನರ ಚರ್ಮಕ್ಕೆ ಅಷ್ಟೂ ಇಲ್ಲ. ಮೇಲಾಗಿ ಎಸ್‌ಪಿಎಫ್ ಅಳೆಯುವುದು ಚರ್ಮ ಕೆಂಪಾಗಿ ಸುಡುವುದನ್ನು, ಅಂದರೆ ಮುಖ್ಯವಾಗಿ ನೇರಳಾತೀತ (ಯುವಿ) ಕಿರಣಗಳಲ್ಲಿ ಯುವಿಬಿ ಎಂಬ ಬಗೆಯ ಕೆಲಸವನ್ನು. ನಮ್ಮ ತೊಂದರೆ ಸುಡುವುದಲ್ಲ, ಕಪ್ಪು ಕಲೆ ಕಟ್ಟುವುದು.

ಬಂಗನ್ನು ಹತ್ತಿರದಿಂದ ನೋಡಿದವರಿಗೆ ಗೊತ್ತು. ಕೆನ್ನೆಯ ಎಲುಬಿನ ಮೇಲೆ, ಹಣೆಯಲ್ಲಿ, ಮೇಲ್ದುಟಿಯ ಮೇಲೆ, ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಆಕಾರದಲ್ಲಿ, ಅಂಚು ಅಂಕುಡೊಂಕಾಗಿ ಹರಡುವ ಕಂದು ಮಚ್ಚೆ ಅದು. ತುರಿಕೆಯಿಲ್ಲ, ನೋವಿಲ್ಲ. ಗರ್ಭಿಣಿಯಾಗಿದ್ದಾಗ ಶುರುವಾಗಿ ಹೆರಿಗೆಯಾದ ಮೇಲೂ ಉಳಿದುಬಿಡಬಹುದು. ಹಾರ್ಮೋನು, ವಂಶ, ಬಿಸಿಲು ಮೂರೂ ಸೇರಿ ಬರುವಂಥದ್ದು. ಮೊದಲೆರಡು ನಮ್ಮ ಕೈಯಲ್ಲಿಲ್ಲ. ಕೈಯಲ್ಲಿರುವ ಮೂರನೆಯದನ್ನೇ “ನಮಗೆ ಬೇಡ” ಎಂದು ಬಿಟ್ಟುಕೊಡುತ್ತೇವೆ. ಇದು ಎಷ್ಟು ದೊಡ್ಡ ನಷ್ಟ!

ಇನ್ನೊಂದು ವಿಷಯವನ್ನು ಟ್ಯೂಬಿನ ಮೇಲೆ ಬರೆಯುವವರು ಕಡಿಮೆ. ಕಪ್ಪು ಕಟ್ಟಿಸುವುದು ನೇರಳಾತೀತ ಕಿರಣ ಮಾತ್ರವಲ್ಲ. ಕಣ್ಣಿಗೆ ಕಾಣುವ ಬಿಸಿಲಿನ ಬೆಳಕೂ, ಅದರಲ್ಲೂ ನೀಲಿ-ನೇರಳೆ ಭಾಗ, ಅದೇ ಕೆಲಸ ಮಾಡುತ್ತದೆ. 2010ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಈ ಬೆಳಕು ಬಿದ್ದ ಗಾಢ ಚರ್ಮ ಕಪ್ಪಾಗಿ ಹಾಗೇ ಉಳಿಯಿತು. ತೀರಾ ಬೆಳ್ಳಗಿನ ಚರ್ಮದಲ್ಲಿ ಆ ಪರಿಣಾಮ ಕಾಣಲೇ ಇಲ್ಲ. ಅಂದರೆ ಈ ವಿಷಯದಲ್ಲಿ ರಕ್ಷಣೆ ಹೆಚ್ಚು ಬೇಕಿರುವುದು ನಮ್ಮ ಬಣ್ಣದವರಿಗೇ. ಮಾಮೂಲಿ ಸನ್‌ಸ್ಕ್ರೀನ್, ಎಸ್‌ಪಿಎಫ್ 50 ಇದ್ದರೂ, ಈ ಬೆಳಕನ್ನು ಅಷ್ಟಾಗಿ ತಡೆಯುವುದಿಲ್ಲ. ತಡೆಯುವುದು ಐರನ್ ಆಕ್ಸೈಡ್. ನಮ್ಮ ಹಳೇ ಮನೆಗಳ ರೆಡ್ ಆಕ್ಸೈಡ್ ನೆಲಕ್ಕೆ ಕೆಂಪು ಕೊಟ್ಟ ವಸ್ತುವೇ ಅದು. ಅದರ ಕೆಂಪು, ಹಳದಿ, ಕಪ್ಪು ಪುಡಿಗಳನ್ನು ಶುದ್ಧರೂಪದಲ್ಲಿ ಹದವಾಗಿ ಬೆರೆಸಿದರೆ ಟಿಂಟೆಡ್ ಸನ್‌ಸ್ಕ್ರೀನಿಗೆ ಆ ಮಣ್ಣಿನ ಬಣ್ಣ ಬರುತ್ತದೆ. ಬರೀ ಜಿಂಕ್ ಆಕ್ಸೈಡ್ ಇರುವುದನ್ನು ಹಚ್ಚಿದರೆ ಬೂದಿ ಬಳಿದ ಹಾಗೆ ಕಾಣುತ್ತದಲ್ಲ, ಆ ಗೋಳೂ ಇದರಲ್ಲಿಲ್ಲ. ನಾನು ಇದನ್ನು ಇಷ್ಟು ಮೆಚ್ಚಿಕೊಂಡಿರುವುದು ಅದಕ್ಕೇ. ಕೊಳ್ಳುವಾಗ ಪದಾರ್ಥಗಳ ಪಟ್ಟಿಯಲ್ಲಿ ಐರನ್ ಆಕ್ಸೈಡ್ ಇದೆಯೇ ನೋಡಿ, ಜೊತೆಗೆ ಯುವಿಎ ರಕ್ಷಣೆಯನ್ನು ಸೂಚಿಸುವ ‘ಪಿಎ’ ಗುರುತಿನ ಮುಂದೆ ಮೂರಾದರೂ ಪ್ಲಸ್ ಇರಲಿ.

“ಹಚ್ಚಿದೆ, ಏನೂ ಪ್ರಯೋಜನ ಆಗಲಿಲ್ಲ” ಅನ್ನುವವರಿದ್ದಾರೆ. ಎಷ್ಟು ಹಚ್ಚಿದಿರಿ? ಎಸ್‌ಪಿಎಫ್ ಪರೀಕ್ಷೆ ಮಾಡುವುದು ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಲೆಕ್ಕದಲ್ಲಿ. ಮುಖ, ಕತ್ತಿಗೆ ಅಂದರೆ ತೋರುಬೆರಳು, ನಡುಬೆರಳು ಎರಡರ ಉದ್ದಕ್ಕೂ ಹಿಂಡಿದಷ್ಟು. ದಿನಕ್ಕೆ ಒಂದು ಸಲ ಹಾಗೆ ಹಚ್ಚಿದರೂ 50 ಗ್ರಾಂ ಟ್ಯೂಬು ಒಂದೂವರೆ ತಿಂಗಳಲ್ಲಿ ಖಾಲಿಯಾಗಬೇಕು. ವರ್ಷಗಟ್ಟಲೆ ಬರುತ್ತಿದ್ದರೆ ನೀವು ಹಚ್ಚುತ್ತಿರುವುದು ಏನೇನೂ ಸಾಲದು. ಇಷ್ಟು ಖರ್ಚು ಎಲ್ಲರ ಕೈಲಾಗುವುದಿಲ್ಲ, ನಿಜ. ಆದರೆ ಗದ್ದೆಯಲ್ಲಿ ಕಳೆ ಕೀಳುವ ಹೆಂಗಸರು ಸೀರೆಯ ಮೇಲೆ ಗಂಡಸರ ತುಂಬುತೋಳಿನ ಅಂಗಿ ತೊಟ್ಟು, ತಲೆಗೆ ಟವೆಲ್ ಸುತ್ತಿ ಮುಂದಕ್ಕೆ ಎಳೆದುಕೊಳ್ಳುತ್ತಾರಲ್ಲ, ಅದು ಬಹಳ ಒಳ್ಳೆಯ ಉಪಾಯ. ದಟ್ಟ ನೇಯ್ಗೆಯ ಬಟ್ಟೆ, ಕೊಡೆ, ಅಗಲ ಅಂಚಿನ ಟೋಪಿ ಮೊದಲು, ಟ್ಯೂಬು ಆಮೇಲೆ.

ಬೆಂಗಳೂರಿನವರದ್ದು ಬೇರೆಯೇ ವಾದ: “ನಮ್ಮೂರು ತಂಪು.” ತಂಪಿಗೂ ನೇರಳಾತೀತ ಕಿರಣಕ್ಕೂ ಸಂಬಂಧವಿಲ್ಲ. ಸಮಭಾಜಕದಿಂದ 13 ಡಿಗ್ರಿ ದೂರ, ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರ ಇರುವ ಊರದು. ಮಾರ್ಚ್-ಏಪ್ರಿಲ್‌ನ ನಡುಹಗಲು ಅಲ್ಲಿಯ ಯುವಿ ಸೂಚ್ಯಂಕ 11 ದಾಟುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ 11ರಿಂದ ಮೇಲಿನದೆಲ್ಲ ಅತಿ ಅಪಾಯದ ಮಟ್ಟ. ಕಾರಿನೊಳಗೆ, ಕಿಟಕಿಯ ಪಕ್ಕ ಕೂತವರೂ ಪೂರ್ತಿ ಪಾರಲ್ಲ. ಸಾಮಾನ್ಯ ಗಾಜು ಯುವಿಬಿಯನ್ನು ತಡೆದರೂ ಯುವಿಎಯನ್ನು ಬಹಳಷ್ಟು ಒಳಬಿಡುತ್ತದೆ. ಅಮೆರಿಕದ ಪ್ರಸಿದ್ಧ ವೈದ್ಯಕೀಯ ಪತ್ರಿಕೆ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ 2012ರಲ್ಲಿ 28 ವರ್ಷ ಟ್ರಕ್ ಓಡಿಸಿದ 69ರ ಚಾಲಕನೊಬ್ಬನ ಫೋಟೊ ಪ್ರಕಟಿಸಿತ್ತು. ಕಿಟಕಿಯ ಕಡೆಗಿದ್ದ ಎಡಗೆನ್ನೆ ಬಲಗೆನ್ನೆಗಿಂತ ಎಷ್ಟೋ ವರ್ಷ ಹೆಚ್ಚು ಮುದಿಯಾದಂತೆ ಸುಕ್ಕುಗಟ್ಟಿ ಜೋತುಬಿದ್ದಿತ್ತು. ನಮ್ಮಲ್ಲಿ ಚಾಲಕರು ಕೂರುವುದು ಬಲಗಡೆ, ಅಷ್ಟೇ ವ್ಯತ್ಯಾಸ.

ಬೇರೆ ನಂಬಿಕೆಗಳಿಗೆ ಹೆಚ್ಚು ಮಾತು ಬೇಡ. ಮುಂಜಾನೆಯ ಎಳೆಬಿಸಿಲಿನಲ್ಲಿ ವಿಟಮಿನ್ ಡಿ ಅಷ್ಟಾಗಿ ತಯಾರಾಗುವುದಿಲ್ಲ, ಅದಕ್ಕೆ ಬೇಕಾದ ಯುವಿಬಿ ಇಳಿಯುವುದು ಹೊತ್ತು ಮೇಲೇರಿದ ಮೇಲೆ. ಕೊಬ್ಬರಿ ಎಣ್ಣೆ ಸನ್‌ಸ್ಕ್ರೀನ್ ಅಲ್ಲ. ನಿಂಬೆರಸ ಹಚ್ಚಿ ಬಿಸಿಲಿಗೆ ಹೋದರೆ ಚರ್ಮ ಬೊಬ್ಬೆಯೆದ್ದು ಕಪ್ಪಾಗಬಹುದು. ರೋಮರಂಧ್ರಗಳು ತೆರೆದು ಮುಚ್ಚುವ ಬಾಗಿಲಲ್ಲ. ಮೊಬೈಲ್ ಪರದೆಯ ಬೆಳಕು ಬಿಸಿಲಿನ ಮುಂದೆ ಲೆಕ್ಕಕ್ಕೇ ಇಲ್ಲ, ಅದರ ಹೆಸರಿನಲ್ಲಿ ಮಾರುವ ಕ್ರೀಮಿಗೆ ದುಡ್ಡು ಸುರಿಯಬೇಡಿ.

ನನಗೆ ನಿಜಕ್ಕೂ ಸಿಟ್ಟು ತರಿಸುವುದು ಮುಂದಿನ ಹಂತ. ಸನ್‌ಸ್ಕ್ರೀನ್ ಎಂದರೆ “ಕೆಮಿಕಲ್ಲು, ಬೇಡಪ್ಪ” ಅನ್ನುವವರೇ ಬಂಗಿಗೆ ಪಕ್ಕದ ಮನೆಯವರು ಹೇಳಿದ ಟ್ಯೂಬನ್ನು ಕಣ್ಣುಮುಚ್ಚಿ ಹಚ್ಚುತ್ತಾರೆ. ಅದರಲ್ಲಿ ಬೀಟಾಮೆಥಾಸೋನ್, ಮೊಮೆಟಾಸೋನ್, ಕ್ಲೊಬೆಟಸಾಲ್‌ನಂಥ ಸ್ಟೀರಾಯ್ಡ್ ಇರುತ್ತದೆ. ಚರ್ಮವೈದ್ಯರು ಇಂಥ ಮಿಶ್ರಣವನ್ನು ಕೆಲವೇ ವಾರಗಳಿಗೆ, ನಿಗಾ ಇಟ್ಟು ಕೊಡುವುದುಂಟು. ಅವರ ಚೀಟಿಯಲ್ಲಿದ್ದ ಹೆಸರು ಬಾಯಿಂದ ಬಾಯಿಗೆ ಹೋಗಿ ಮನೆಮನೆಯ ಫೇಸ್ ಕ್ರೀಮ್ ಆಗುತ್ತದೆ. ಮೊದಲು ಮುಖ ಬೆಳ್ಳಗಾಗುತ್ತದೆ, ನುಣುಪಾಗುತ್ತದೆ. ತಿಂಗಳುಗಳು ಕಳೆದಂತೆ ಚರ್ಮ ತೆಳುವಾಗಿ ಕೆಂಪು ನರಗಳು ಕಾಣುತ್ತವೆ, ಮೊಡವೆ ಏಳುತ್ತದೆ, ಕೆನ್ನೆಯ ಮೇಲೆ ಕೂದಲು ಬೆಳೆಯುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ ಇಂಥ 14 ಸ್ಟೀರಾಯ್ಡ್ ಮುಲಾಮುಗಳನ್ನು ಶೆಡ್ಯೂಲ್ ಎಚ್‌ಗೆ ಸೇರಿಸಿತು. ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ. ಇವತ್ತಿಗೂ ಕೇಳಿದರೆ ಎಷ್ಟೋ ಅಂಗಡಿಗಳಲ್ಲಿ ಸಿಗುತ್ತವೆ.

ನಾವು ನಂಬುವ ರೀತಿಯೇ ಹೀಗಾಗಿಬಿಟ್ಟಿದೆ. ಹತ್ತು ವರ್ಷ ಓದಿ ಬಂದ ವೈದ್ಯೆ “ಬಿಸಿಲು ತಪ್ಪಿಸಿ, ಆರು ತಿಂಗಳು ಕಾಯಿರಿ” ಅಂದರೆ ಬೇಸರ. ಅರ್ಧ ನಿಮಿಷದ ರೀಲ್‌ನಲ್ಲಿ ಯಾರೋ “ಏಳು ದಿನದಲ್ಲಿ ಮಾಯ” ಅಂದರೆ ಅವತ್ತೇ ಆರ್ಡರ್. ತಯಾರಕರ ವಿಳಾಸ ಇಲ್ಲದ, ಪದಾರ್ಥಗಳ ಹೆಸರೇ ಇಲ್ಲದ ಡಬ್ಬಿಯನ್ನು ಮದುವೆಗೆ ತಯಾರಾಗುತ್ತಿರುವ ಹುಡುಗಿಯ ಕೈಗೆ ಕೊಡುವಾಗ ಮನೆಯ ಹಿರಿಯರು ಒಂದು ಪ್ರಶ್ನೆಯನ್ನಾದರೂ ಕೇಳಬೇಡವೇ?

ಸ್ಟೀರಾಯ್ಡ್ ಇರುವ ಇಂಥ ಕ್ರೀಮನ್ನು ಈಗಾಗಲೇ ತಿಂಗಳುಗಟ್ಟಲೆ ಹಚ್ಚಿದ್ದರೆ ಗಾಬರಿಯಿಂದ ತಟ್ಟನೆ ನಿಲ್ಲಿಸಿ ಸುಮ್ಮನಾಗಬೇಡಿ. ಮುಖ ಕೆಂಪಾಗಿ ಉರಿಯತೊಡಗಿ, ಆ ಉರಿ ತಾಳಲಾರದೆ ಮತ್ತೆ ಅದನ್ನೇ ಹಚ್ಚುವ ಹಾಗಾಗುತ್ತದೆ. ಬ್ಯೂಟಿ ಪಾರ್ಲರಿಗಲ್ಲ, ಚರ್ಮವೈದ್ಯರ ಹತ್ತಿರ ಹೋಗಿ. ಖಾಸಗಿಯವರಿಗೆ ಕೊಡುವಷ್ಟು ಹಣವಿಲ್ಲದಿದ್ದರೆ ಜಿಲ್ಲಾಸ್ಪತ್ರೆಯಲ್ಲಿ ತೋರಿಸಿ. ಹೋಗುವಾಗ ಹಚ್ಚುತ್ತಿದ್ದ ಟ್ಯೂಬನ್ನು ಮುಚ್ಚಿಡದೆ ಜೊತೆಗೆ ಒಯ್ಯಿರಿ. ಅದರ ಮೇಲಿನ ಹೆಸರು ಓದಿದರೆ ನಿಧಾನಕ್ಕೆ ಬಿಡಿಸಬೇಕೋ, ಒಮ್ಮೆಲೇ ಬಿಡಿಸಬೇಕೋ ಎಂದು ನಿರ್ಧರಿಸಲು ಅವರಿಗೆ ಅನುಕೂಲವಾಗುತ್ತದೆ.