ಹಲ್ಲಿಗೆ ತಂತಿ ಹಾಕಿಸುವ ಮುನ್ನ

ವಕ್ರದಂತವೆಂದರೆ ಮದುವೆಯ ವಯಸ್ಸಿನಲ್ಲಿ ನೋಡಿಕೊಳ್ಳಬಹುದಾದ ಅಂದಚೆಂದದ ಪ್ರಶ್ನೆ ಎಂಬ ಭಾವನೆ ನಮ್ಮ ಮನೆಗಳಲ್ಲಿ ಇನ್ನೂ ಇದೆ. ಆದರೆ ಒತ್ತಾಗಿ ಬೆಳೆದ ಹಲ್ಲುಗಳ ಸಂದಿಯನ್ನು ಶುಚಿಯಾಗಿಡುವುದು ಕಷ್ಟ. ಹುಳುಕಿಗೂ ವಸಡಿನ ರೋಗಕ್ಕೂ ಅದೇ ದಾರಿ. ಮಗುವಿಗೆ 7 ವರ್ಷವಾದಾಗ ಒಮ್ಮೆ ದಂತವೈದ್ಯರಿಗೆ ತೋರಿಸುವುದು ಲೇಸು. ತೋರಿಸಿದೊಡನೆ ತಂತಿ ಹಾಕಲೇಬೇಕೆಂದಿಲ್ಲ. ವಸಡು, ಎಲುಬು ಆರೋಗ್ಯವಾಗಿದ್ದರೆ ದೊಡ್ಡವರಿಗೂ ಚಿಕಿತ್ಸೆ ಸಾಧ್ಯ.

ಲೋಹದ ತಂತಿ ಕಣ್ಣಿಗೆ ಕಾಣುತ್ತದೆ, ಆದರೆ ಖರ್ಚು ಕಡಿಮೆ. ಕಠಿಣ ವಕ್ರತೆಗೂ ಒದಗುತ್ತದೆ. ಹಲ್ಲಿನ ಬಣ್ಣದ ಸೆರಾಮಿಕ್ ಬ್ರೇಸ್ ದುಬಾರಿ, ಬೇಗ ಒಡೆಯಬಹುದು. ಪಾರದರ್ಶಕ ಅಲೈನರನ್ನು ಊಟದ ವೇಳೆ ತೆಗೆದಿಡಬಹುದು. ಆದರೆ ದಿನಕ್ಕೆ 20ರಿಂದ 22 ಗಂಟೆ ಧರಿಸದಿದ್ದರೆ ಹಣ ವ್ಯರ್ಥ. ತಂತಿಯಿರುವಷ್ಟು ಕಾಲ ಚಕ್ಕುಲಿ, ಉಂಡಲಕಾಳಿನಂತಹ ಗಟ್ಟಿ ತಿಂಡಿ ಬೇಡ.

ಹಲ್ಲು ಸರಿಯುವಾಗ ಒಂದು ಬದಿಯ ಎಲುಬು ಕರಗಿ, ಇನ್ನೊಂದು ಬದಿ ಹೊಸತು ಕೂಡಬೇಕು. ಆದುದರಿಂದಲೇ ಸಾಮಾನ್ಯವಾಗಿ ಒಂದೂವರೆ, ಎರಡು ವರ್ಷ ಹಿಡಿಯುತ್ತದೆ. ತಂತಿ ತೆಗೆದ ದಿನವೇ ಚಿಕಿತ್ಸೆ ಮುಗಿಯಿತೆಂದು ತಿಳಿಯಬಾರದು. ಹೊಸ ಎಲುಬು ಇನ್ನೂ ಬಲಿತಿರುವುದಿಲ್ಲ. ರಿಟೈನರ್ ಧರಿಸದಿದ್ದರೆ ಹಲ್ಲು ಹಳೆಯ ಜಾಗಕ್ಕೆ ಮರಳುತ್ತದೆ. ವರ್ಷಗಟ್ಟಲೆಯ ತಾಳ್ಮೆ, ಸಾವಿರಾರು ರೂಪಾಯಿ ನೀರಿನಲ್ಲಿ ಹೋಮ ಮಾಡಿದಂತೆ.

ಮೊದಲ ಭೇಟಿಯಲ್ಲೇ ಕೇಳಿರಿ: ಹಲ್ಲು ಕೀಳಬೇಕೆ? ಎಷ್ಟು ತಿಂಗಳು? ರಿಟೈನರ್ ಸಹಿತ ಒಟ್ಟು ಖರ್ಚೆಷ್ಟು? ವೈದ್ಯರು ಮಲಯಾಳದಲ್ಲಿ ಹೇಳಿದ್ದು ಅರ್ಥವಾಗದಿದ್ದರೆ ಸುಮ್ಮನೆ ತಲೆಯಾಡಿಸಬೇಡಿರಿ. ಬಲ್ಲವರೊಬ್ಬರನ್ನು ಜತೆಗೆ ಕರೆದೊಯ್ಯಿರಿ. ಮತ್ತೊಮ್ಮೆ ಕೇಳುವುದರಲ್ಲಿ ನಾಚಿಕೆಯೇನೂ ಇಲ್ಲವೆಂದು ನಾವು ಹೇಳಬಯಸುತ್ತೇವೆ.