ಬೀದರ್‌ನ ಪರದೆಗೆ ಬೀದರ್‌ನ ಕಥೆಯೂ ಬರಲಿ

ಕನ್ನಡ, ಹಿಂದಿ, ತೆಲುಗು, ಮರಾಠಿ ಸಿನಿಮಾಗಳ ಬಗ್ಗೆ ಒಂದೇ ಚಹಾದಂಗಡಿಯಲ್ಲಿ ವಾದ ನಡೆಯುವ ಊರುಗಳು ಕರ್ನಾಟಕದಲ್ಲಿ ಹೆಚ್ಚಿಲ್ಲ. ಬೀದರ್, ಭಾಲ್ಕಿ, ಔರಾದ್ ಅಂಥವು. ಇಲ್ಲಿ ‘ಪಿಚ್ಚರ್ ಹ್ಯಾಂಗದ?’ ಎಂಬುದು ಮೊದಲ ಪ್ರಶ್ನೆ; ಯಾವ ಭಾಷೆಯದು ಎಂಬ ವಿಚಾರಣೆ ಆಮೇಲೆ.

ಇದಕ್ಕೆ ಚರಿತ್ರೆಯೇ ಕಾರಣ. ಹೈದರಾಬಾದ್ ಸಂಸ್ಥಾನದ ಹಳೆಯ ಬೀದರ್ ಜಿಲ್ಲೆ 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಮೂರು ಪಾಲಾಯಿತು. ಬೀದರ್, ಭಾಲ್ಕಿ, ಹುಮನಾಬಾದ್ ಮತ್ತು ಔರಾದ್ ಭಾಗ ಮೈಸೂರು ರಾಜ್ಯಕ್ಕೆ ಬಂದರೆ, ಉದಗೀರ, ನಿಲಂಗಾ, ಅಹಮದಪುರ ಮುಂಬೈ ರಾಜ್ಯಕ್ಕೆ ಹೋದವು. ನಾರಾಯಣಖೇಡ ಆಂಧ್ರಕ್ಕೆ ಸೇರಿತು. ನೆಂಟಸ್ತನ, ಸಂತೆ, ಹಾಡು ಮಾತ್ರ ಗಡಿಯ ಎರಡೂ ಬದಿ ಉಳಿದವು. ಹಿಂದಿ ಸಿನಿಮಾ ಹಂಚಿಕೆದಾರರ ಲೆಕ್ಕದಲ್ಲಿ ಬೀದರ್, ಕಲಬುರಗಿ, ರಾಯಚೂರು ‘ನಿಜಾಂ’ ವಲಯದ ಊರುಗಳು.

ನಾಲ್ಕು ಭಾಷೆಯ ಸಿನಿಮಾ ನೋಡಿ ಬೆಳೆದ ಈ ಪ್ರೇಕ್ಷಕರಿಗೆ ಹೋಲಿಕೆ ಮಾಡುವುದು ಸಲೀಸು. ಹಾಗೆ ಹೋಲಿಸಿ ನೋಡುತ್ತ ಬಂದ ನನಗೆ ಗಟ್ಟಿಯಾಗಿರುವ ಅಭಿಪ್ರಾಯ ಒಂದೇ: ತನ್ನ ಮಣ್ಣನ್ನು ನಂಬಿದ ಸಿನಿಮಾ ಎಲ್ಲಿಯೂ ಗೆಲ್ಲುತ್ತದೆ.

2018ರ ಡಿಸೆಂಬರ್‌ನಲ್ಲಿ ಬಂದ ‘ಕೆಜಿಎಫ್’ ಕನ್ನಡ ಸಿನಿಮಾಕ್ಕೆ ದೇಶದ ಬಾಗಿಲು ತೆರೆಯಿತು. ಅದರ ನಿಜವಾದ ಬಲ ತಾಯಿಗೆ ಮಗ ಕೊಟ್ಟ ಮಾತು ಮತ್ತು ನರಾಚಿಯ ಗಣಿಯೊಳಗಿನ ಜೀತದವರ ಬದುಕು. 2022ರ ಏಪ್ರಿಲ್ 14ರಂದು ತೆರೆಕಂಡ ಎರಡನೇ ಭಾಗ ಗಾತ್ರದಲ್ಲಿ ದೊಡ್ಡದು, ಗಳಿಕೆಯಲ್ಲಿ ಸಾವಿರ ಕೋಟಿ ರೂಪಾಯಿ ದಾಟಿತು. ಆದರೂ ಗಣಿಯ ಜನ ಅಲ್ಲಿ ಹಿಂದೆ ಸರಿದು, ನಾಯಕ ರಾಕಿಯ ಆರ್ಭಟವೇ ಪರದೆ ತುಂಬಿತು. ಮೊದಲ ಭಾಗವೇ ನನಗೆ ಹೆಚ್ಚು. ಆಮೇಲೆ ಬಂದ ಎಷ್ಟೋ ಸಿನಿಮಾಗಳು ಅದರ ಕಪ್ಪು ಬಣ್ಣ, ಬಂದೂಕು, ಬಿಲ್ಡಪ್‌ಗಳನ್ನು ನಕಲು ಮಾಡಿದವು. ತಾಯಿಯ ಮಾತಿನಂಥ ಒಂದು ಎಳೆಯನ್ನು ಹುಡುಕುವ ಶ್ರಮ ತೆಗೆದುಕೊಳ್ಳಲಿಲ್ಲ.

2022ರ ಸೆಪ್ಟೆಂಬರ್ 30ರಂದು ಬಂದ ‘ಕಾಂತಾರ’ ಮೊದಲು ಕನ್ನಡದಲ್ಲಷ್ಟೇ ತೆರೆಕಂಡಿತು. ಜನರ ಬಾಯಿಮಾತೇ ಅದನ್ನು ಬೇರೆ ಭಾಷೆಗಳಿಗೆ ಒಯ್ದಿತು. ನಮ್ಮಲ್ಲಿ ಆ ಚಿತ್ರದ ಭೂತಕೋಲವಿಲ್ಲ, ಕಂಬಳವಿಲ್ಲ. ಆದರೆ ಭಾಲ್ಕಿ ತಾಲ್ಲೂಕಿನ ಖಾನಾಪುರದಲ್ಲಿ ಮೈಲಾರ ಮಲ್ಲಣ್ಣನಿಗೆ ಭಂಡಾರ ತೂರುವ ಭಕ್ತರನ್ನು ಕಂಡವರಿಗೆ ಆ ಆವೇಶ ಹೊರಗಿನದೆನಿಸಲಿಲ್ಲ. ಭೂಮಿಗಾಗಿ ಬಡವರು ಪಡುವ ಪಾಡಂತೂ ನಮಗೆ ಗೊತ್ತಿರುವುದೇ. ರಿಷಬ್ ಶೆಟ್ಟಿ ಅವರಿಗೆ ಸಂದ ಶ್ರೇಷ್ಠ ನಟ ರಾಷ್ಟ್ರ ಪ್ರಶಸ್ತಿ ನ್ಯಾಯವಾದದ್ದು. 2025ರ ಅಕ್ಟೋಬರ್ 2ರಂದು ಬಂದ ‘ಕಾಂತಾರ: ಅಧ್ಯಾಯ 1’ ನೋಟಕ್ಕೆ ಇನ್ನೂ ವೈಭವದ್ದು, ಗುಳಿಗ ದೈವದ ದೃಶ್ಯಗಳು ಮೈ ನಡುಗಿಸುತ್ತವೆ. ಆದರೆ ಮೊದಲ ಚಿತ್ರದ ಊರು, ಅಲ್ಲಿನ ಗೆಳೆಯರು, ಅವರ ಹಾಸ್ಯ ಕೊಟ್ಟ ಆಪ್ತತೆ ಈ ಚಿತ್ರದ ಅರಮನೆಯಲ್ಲಿ ಸಿಗಲಿಲ್ಲ.

ತೆಲುಗಿನ ‘ಪುಷ್ಪ 2’ರಲ್ಲಿ ಗಂಗಮ್ಮ ಜಾತ್ರೆಯ ಭಾಗ ಅಪ್ಪಟ ಸಿನಿಮಾ. ಸೀರೆಯುಟ್ಟು ಕುಣಿಯುವ ಅಲ್ಲು ಅರ್ಜುನ್ ಅಲ್ಲಿ ತಾರೆಯ ಗತ್ತು ಬಿಟ್ಟು ಪಾತ್ರವೇ ಆಗಿದ್ದಾರೆ. ಮೂರು ಗಂಟೆ ಮೀರಿದ ಚಿತ್ರದಲ್ಲಿ ಉಳಿದ ಹೊಡೆದಾಟಗಳು ದಣಿಸುತ್ತವೆ. ಬಿಡುಗಡೆಯ ಹಿಂದಿನ ರಾತ್ರಿ, 2024ರ ಡಿಸೆಂಬರ್ 4ರಂದು, ಹೈದರಾಬಾದ್‌ನ ಸಂಧ್ಯಾ ಚಿತ್ರಮಂದಿರದ ಕಾಲ್ತುಳಿತದಲ್ಲಿ ಒಬ್ಬ ತಾಯಿ ಜೀವ ಕಳೆದುಕೊಂಡರು. ಮೊದಲ ಪ್ರದರ್ಶನಕ್ಕೆಂದು ಹೈದರಾಬಾದ್‌ಗೆ ಓಡುವ ನಮ್ಮ ಹುಡುಗರು ಇದನ್ನು ಮರೆಯಬಾರದು. ಯಾವ ಸಿನಿಮಾವೂ ಒಂದು ಜೀವಕ್ಕಿಂತ ದೊಡ್ಡದಲ್ಲ.

ತಾರೆಯ ಹೆಸರಿಲ್ಲದೆಯೂ ಚಿತ್ರಮಂದಿರ ತುಂಬುತ್ತದೆ ಎಂಬುದನ್ನು 2025ರ ಜುಲೈನಲ್ಲಿ ಜೆ.ಪಿ. ತುಮಿನಾಡು ನಿರ್ದೇಶನದ ‘ಸು ಫ್ರಮ್ ಸೋ’ ತೋರಿಸಿತು. ದೆವ್ವದ ಗಾಳಿಮಾತಿನಿಂದ ನಗಿಸುತ್ತ ಹೋದ ಚಿತ್ರ, ಕೊನೆಗೆ ಒಬ್ಬ ಹೆಣ್ಣುಮಗಳ ಸಂಕಟದ ಮುಂದೆ ಇಡೀ ಊರನ್ನು ನಿಲ್ಲಿಸುತ್ತದೆ. ಇದಕ್ಕೂ ಹಿಂದೆ, 2016ರಲ್ಲಿ, ನಾಗರಾಜ ಮಂಜುಳೆ ತಮ್ಮ ಸೊಲ್ಲಾಪುರ ಜಿಲ್ಲೆಯ ಕರಮಾಳದ ಮಾತಿನಲ್ಲೇ ‘ಸೈರಾಟ್’ ಮಾಡಿ ಮರಾಠಿಗೆ ಮೊದಲ ನೂರು ಕೋಟಿಯ ಚಿತ್ರ ಕೊಟ್ಟರು. ಅದೇ ನಾಯಕಿ ರಿಂಕು ರಾಜಗುರು ನಟಿಸಿದ ಅದರ ಕನ್ನಡ ರಿಮೇಕ್ ‘ಮನಸು ಮಲ್ಲಿಗೆ’ಗೆ ಆ ಕಸುವು ಬರಲಿಲ್ಲ. ಕಥೆಯನ್ನು ತರಬಹುದು, ಅದು ಬೆಳೆದ ನೆಲವನ್ನು ತರಲಾಗದು.

ಹಾಗಾದರೆ ನಮ್ಮ ನೆಲ? ‘ದಿ ಡರ್ಟಿ ಪಿಕ್ಚರ್’ನ ಹಾಡೊಂದಕ್ಕೆ ಬೀದರ್ ಕೋಟೆ ಹಿನ್ನೆಲೆಯಾಯಿತು. ಕೋಟೆ ಕಂಡಿತು, ಊರು ಕಾಣಲಿಲ್ಲ. ‘ಮಾಡ್ಲತ್ತೀನಿ, ಬರ್ಲತ್ತೀನಿ’ ಎನ್ನುವ ನಮ್ಮ ಕನ್ನಡ ತೆರೆಗೆ ಬಂದರೆ ಬಹುತೇಕ ನಗಿಸುವ ಪಾತ್ರದ ಪಾಲಿಗೇ ಬರುತ್ತದೆ. ಇಲ್ಲಿ ಕಥೆಗೆ ಬರವೇ? 1472ರಲ್ಲಿ ಮದರಸಾ ಕಟ್ಟಿಸಿದ ಬಹಮನಿ ಪ್ರಧಾನಿ ಮಹಮೂದ್ ಗಾವಾನ್, ವಿರೋಧಿಗಳು ಸೃಷ್ಟಿಸಿದ ನಕಲಿ ಪತ್ರದಿಂದಾಗಿ 1481ರಲ್ಲಿ ಸುಲ್ತಾನನ ಆಜ್ಞೆಗೆ ಬಲಿಯಾದರು. ಇದಕ್ಕಿಂತ ದೊಡ್ಡ ದುರಂತ ನಾಟಕ ಎಲ್ಲಿದೆ? ಕೋಟೆಯ ಮಣ್ಣಿನಿಂದ ಲೋಹಕ್ಕೆ ಕಪ್ಪು ಬಣ್ಣ ತರಿಸುವ ಬಿದರಿ ಕುಶಲಕರ್ಮಿಯ ಮನೆ, ಬೆಳಿಗ್ಗೆ ಕನ್ನಡ ಶಾಲೆಗೆ ಹೋಗಿ ಸಂಜೆ ಮನೆಯಲ್ಲಿ ಮರಾಠಿ ಮಾತಾಡುವ ಔರಾದ್‌ನ ಹುಡುಗಿ, ಕೆಲಸ ಹುಡುಕಿ ಹೈದರಾಬಾದ್, ಪುಣೆಗೆ ಹೊರಡುವ ಕುಟುಂಬ: ಎಲ್ಲವೂ ಕಥೆಗಾರರಿಗಾಗಿ ಕಾದಿವೆ. ಕಲ್ಯಾಣ ಕರ್ನಾಟಕದ ವಲಸೆ ಕಾರ್ಮಿಕರ ಬವಣೆಯನ್ನು ನಮ್ಮ ಭಾಗದ ಮಾತಿನಲ್ಲೇ ಹೇಳಿದ ಉತ್ಸವ್ ಗೋನವಾರ ಅವರ ‘ಫೋಟೊ’ 2024ರಲ್ಲಿ ಬಂದು, ಈ ದಾರಿ ಸಾಧ್ಯವೆಂದು ತೋರಿಸಿದೆ.

ನಿರ್ಮಾಪಕರಲ್ಲಿ ನನ್ನ ವಿನಂತಿ: ಕೋಟೆಗೆ ಕ್ಯಾಮೆರಾ ತಂದಾಗ ಕೋಟೆಯಾಚೆಯ ಗಲ್ಲಿಗಳಿಗೂ ಬನ್ನಿ, ಅಲ್ಲಿನ ಮಾತು ಕೇಳಿ. ಪ್ರೇಕ್ಷಕ ಬಂಧುಗಳಲ್ಲೂ ಒಂದು ಮಾತು. ದೊಡ್ಡ ಚಿತ್ರಕ್ಕೆ ಮುಗಿಬೀಳುವ ನಾವು ನಮ್ಮ ಭಾಗದ ಚಿಕ್ಕ ಚಿತ್ರ ಬಂದಾಗ ‘ಮುಂದೆ ಮೊಬೈಲ್‌ನ್ಯಾಗ ನೋಡಿದ್ರಾತು’ ಎಂದು ಕುಳಿತರೆ, ಎರಡನೇ ವಾರಕ್ಕೆ ಅದರ ಪೋಸ್ಟರ್ ಕೂಡ ಇರುವುದಿಲ್ಲ. ಅಂಥ ಚಿತ್ರ ಬಂದ ಮೊದಲ ವಾರವೇ ಮನೆಮಂದಿಯೊಂದಿಗೆ ಚಿತ್ರಮಂದಿರಕ್ಕೆ ಹೋಗೋಣ.